ಬುಕ್‌ಚೊನ್‌ನ ಓಣಿಗಳಲ್ಲಿ ಅವಸರವಿಲ್ಲದ ಒಂದು ದಿನ: ದಂಡ, ಏರುದಾರಿ, ಊಟದ ಚಿಂತೆ

ಪ್ರಶ್ನೆ: ನಾನು ಮೈಸೂರಿನ ನಿವೃತ್ತ ಉಪನ್ಯಾಸಕ. ಮಗಳು ದಕ್ಷಿಣ ಕೊರಿಯಾದ ಸುವೋನ್‌ನಲ್ಲಿ ಉದ್ಯೋಗದಲ್ಲಿದ್ದಾಳೆ. ಅಕ್ಟೋಬರ್‌ನಲ್ಲಿ ನಾನೂ ನನ್ನ ಪತ್ನಿಯೂ ಅವಳ ಮನೆಗೆ ಹೋಗುತ್ತಿದ್ದೇವೆ. ಸೋಲ್ ನಗರದ ಬುಕ್‌ಚೊನ್ ಎಂಬ ಹಳೆಯ ಕೇರಿಯಲ್ಲಿ ಒಂದು ದಿನ ನಿಧಾನವಾಗಿ ನಡೆದಾಡಬೇಕೆಂದು ಇಬ್ಬರಿಗೂ ಆಸೆ. ಆದರೆ ಸಂಜೆ 5ರ ನಂತರ ಅಲ್ಲಿ ಕಾಲಿಟ್ಟರೆ ದಂಡ ಹಾಕುತ್ತಾರೆ ಎಂದು ಒಬ್ಬರು ಹೇಳಿದರು. ಅದು 600 ವರ್ಷದ ಹಳ್ಳಿ ಎಂದು ಇನ್ನೊಬ್ಬರು, ಎಲ್ಲವೂ ಪ್ರವಾಸಿಗರಿಗಾಗಿ ಕಟ್ಟಿದ ನಕಲು ಎಂದು ಮತ್ತೊಬ್ಬರು ಹೇಳುತ್ತಾರೆ. ಪತ್ನಿಗೆ ಮಂಡಿನೋವಿದೆ, ಟ್ಯಾಕ್ಸಿಯಲ್ಲಿ ಮೇಲಕ್ಕೆ ಹೋಗಿ ನಡೆದು ಇಳಿದುಬಿಡಿ ಎಂಬ ಸಲಹೆ ಬಂದಿದೆ. ನಾವು ಸಸ್ಯಾಹಾರಿಗಳು, ಪತ್ನಿ ಈರುಳ್ಳಿ ಬೆಳ್ಳುಳ್ಳಿಯನ್ನೂ ತಿನ್ನುವುದಿಲ್ಲ. ಕೊರಿಯಾದ ಉಡುಪನ್ನು ಬಾಡಿಗೆಗೆ ಪಡೆದು ಉಡಬೇಕೆಂದು ಮಗಳ ಒತ್ತಾಯ. ಅವಳಿಗೆ ರಜೆ ಇರುವುದು ಶನಿವಾರ, ಭಾನುವಾರ. ಸೋಮವಾರ ಬೇಕಾದರೆ ರಜೆ ಹಾಕುತ್ತೇನೆ ಎನ್ನುತ್ತಾಳೆ. ನಾವು ಹೋಗುವುದು ಸರಿಯೇ? ಹೋದರೆ ಹೇಗೆ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವಿದ್ದರೂ ಅವುಗಳ ಅಡಿಯಲ್ಲಿರುವ ಆತಂಕ ಒಂದೇ ಎಂದು ನನಗೆ ತೋರುತ್ತದೆ. ಇನ್ನೊಬ್ಬರ ಮನೆಬಾಗಿಲಿಗೆ ಕರೆಯದೆ ಹೋದಂತಾಗಬಾರದು, ಹೋದಮೇಲೆ ದೇಹಕ್ಕೂ ವ್ರತಕ್ಕೂ ತೊಂದರೆಯಾಗಬಾರದು ಎಂಬುದು ನಿಮ್ಮ ಚಿಂತೆ. ಕರ್ನಾಟಕದ ಕುಟುಂಬಗಳಿಗೆ ಪೂರ್ವ ಏಷ್ಯಾದ ಪ್ರವಾಸಗಳನ್ನು ರೂಪಿಸಿಕೊಡುವುದು ನನ್ನ ವೃತ್ತಿ. ಈ ಕೆಲಸದಲ್ಲಿ ನಾನು ಕಂಡಂತೆ, ಬುಕ್‌ಚೊನ್‌ಗೆ ಹೋಗಿ ಬೇಸರಪಟ್ಟವರಲ್ಲಿ ಹೆಚ್ಚಿನವರು ಚಿತ್ರಗಳಲ್ಲಿ ಕಾಣುವ ಆ ಒಂದೇ ಓಣಿಯನ್ನು ಹುಡುಕಿಕೊಂಡು ಹೋದವರು. ಸಂತೋಷಪಟ್ಟವರು ಆ ಓಣಿಗೆ ಹತ್ತು ನಿಮಿಷ ಕೊಟ್ಟು, ಉಳಿದ ಹೊತ್ತನ್ನು ಸುತ್ತಲಿನ ಅಂಗಳಗಳಲ್ಲಿ ಕಳೆದವರು. ಆದ್ದರಿಂದ ಹೋಗಿ ಎಂದೇ ನನ್ನ ಸಲಹೆ.

ಮೊದಲು ದಂಡದ ವಿಷಯ. ನೀವು ಕೇಳಿದ್ದರಲ್ಲಿ ಅರ್ಧ ನಿಜ. ಬುಕ್‌ಚೊನ್ ಸೋಲ್‌ನ ಜೊಂಗ್ನೊ ಜಿಲ್ಲೆಗೆ ಸೇರಿದೆ. 2024ರ ಜುಲೈನಲ್ಲಿ ಜಿಲ್ಲಾಡಳಿತವು ಅದನ್ನು ಪ್ರವಾಸೋದ್ಯಮ ಕಾಯ್ದೆಯ ಅಡಿಯಲ್ಲಿ ವಿಶೇಷ ನಿರ್ವಹಣಾ ಪ್ರದೇಶವೆಂದು ಘೋಷಿಸಿತು. ಆ ದೇಶದಲ್ಲಿ ಇಂಥ ಘೋಷಣೆ ಅದೇ ಮೊದಲು. ಪ್ರದೇಶವನ್ನು ಕೆಂಪು, ಕಿತ್ತಳೆ, ಹಳದಿ ವಲಯಗಳಾಗಿ ವಿಂಗಡಿಸಿದ್ದಾರೆ. ಹೊತ್ತಿನ ನಿರ್ಬಂಧವಿರುವುದು ಕೆಂಪು ವಲಯಕ್ಕೆ, ಅಂದರೆ ಬುಕ್‌ಚೊನ್-ರೊ 11-ಗಿಲ್ ಎಂಬ ರಸ್ತೆಯ ಸುತ್ತಲಿನ ಓಣಿಗಳಿಗೆ ಮಾತ್ರ. ಅಲ್ಲಿ ಪ್ರವಾಸಿಗರು ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ಮಾತ್ರ ಓಡಾಡಬಹುದು. 2024ರ ನವೆಂಬರ್‌ನಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಈ ನಿಯಮವನ್ನು ಮೀರಿದವರಿಗೆ 2025ರ ಮಾರ್ಚ್‌ನಿಂದ 1,00,000 ವೊನ್, ನಮ್ಮ ಲೆಕ್ಕದಲ್ಲಿ ಸುಮಾರು 6,000 ರೂಪಾಯಿ, ದಂಡ ವಿಧಿಸಲು ಅವಕಾಶವಿದೆ. ನಿವಾಸಿಗಳು, ಅವರ ನೆಂಟರಿಷ್ಟರು, ಅಲ್ಲಿನ ಅಂಗಡಿಯವರು ಮತ್ತು ಅಲ್ಲಿನ ವಸತಿಗೃಹಗಳಲ್ಲಿ ತಂಗಿರುವವರು ಇದರಿಂದ ಹೊರತು. ಇಡೀ ಬುಕ್‌ಚೊನ್ 5 ಗಂಟೆಗೆ ಬಾಗಿಲು ಹಾಕುತ್ತದೆ ಎಂಬುದು ತಪ್ಪು ಕಲ್ಪನೆ. ಪ್ರವೇಶಕ್ಕೆ ಟಿಕೆಟ್ ಬೇಕು ಎಂಬುದೂ ನಿಜವಲ್ಲ. ಹಗಲಿನಲ್ಲಿ ಹೋಗಿ ಬರುವ ನಿಮಗೆ ದಂಡದ ಭಯ ಬೇಡ.

ಆದರೆ ಈ ನಿಯಮ ಏಕೆ ಬಂತು ಎಂಬುದನ್ನು ತಿಳಿದುಕೊಂಡು ಹೋದರೆ ನಡಿಗೆಯ ರೀತಿಯೇ ಬದಲಾಗುತ್ತದೆ. ಬುಕ್‌ಚೊನ್‌ನ ನಿವಾಸಿಗಳು ಸುಮಾರು 6,000 ಮಂದಿ; ವರ್ಷವೊಂದರಲ್ಲಿ ಅಲ್ಲಿಗೆ ಬರುವ ಪ್ರವಾಸಿಗರ ಸಂಖ್ಯೆ ಹತ್ತಾರು ಲಕ್ಷ. 2018ರಿಂದಲೇ ಹೊತ್ತಿನ ಮಿತಿಯನ್ನು ಸ್ವಯಂಪ್ರೇರಣೆಯಿಂದ ಪಾಲಿಸಿ ಎಂದು ಪ್ರವಾಸಿಗರನ್ನು ಕೇಳಿಕೊಂಡು, ಅದು ಫಲ ನೀಡದಿದ್ದಾಗ ಕಾನೂನಿನ ಮೊರೆ ಹೋದರು. ಮನೆಗಳ ಕಟ್ಟಡ ವಿಧಾನವೂ ಇದಕ್ಕೆ ಕಾರಣ. ಹನೋಕ್ ಎಂದು ಕರೆಯುವ ಈ ಸಾಂಪ್ರದಾಯಿಕ ಮನೆಗಳ ಗೋಡೆ ನೇರವಾಗಿ ಓಣಿಗೇ ತಾಗಿಕೊಂಡಿರುತ್ತದೆ. ಹೆಬ್ಬಾಗಿಲು ದಾಟಿದರೆ ಕೆಲವೇ ಹೆಜ್ಜೆಗಳಲ್ಲಿ ಒಳಾಂಗಣ, ಅದರ ಸುತ್ತ ಕೋಣೆಗಳು. ಮರದ ಚೌಕಟ್ಟಿಗೆ ಹಾಂಜಿ ಎಂಬ ಕೈಕಾಗದ ಅಂಟಿಸಿದ ಕಿಟಕಿ ಬಾಗಿಲುಗಳು ಬೆಳಕನ್ನು ಸೊಗಸಾಗಿ ಸೋಸುತ್ತವೆಯೇ ಹೊರತು ಸದ್ದನ್ನು ತಡೆಯುವುದಿಲ್ಲ. ಇಕ್ಕಟ್ಟಾದ ಓಣಿಯಲ್ಲಿ ಸಹಜವಾಗಿ ಆಡಿದ ಮಾತೂ, ಕಲ್ಲುಹಾಸಿನ ಮೇಲೆ ಎಳೆದ ಸೂಟ್‌ಕೇಸಿನ ಚಕ್ರದ ಸದ್ದೂ ಒಳಗೆ ಮಲಗಿದವರ ಕಿವಿಗೆ ಬೀಳುತ್ತದೆ. ನಮ್ಮ ತೊಟ್ಟಿಮನೆಯ ಜಗಲಿಯಲ್ಲಿ ಅಪರಿಚಿತರು ಬೆಳಗಿನಿಂದ ಸಂಜೆಯವರೆಗೆ ಬಂದು ಹೋಗುತ್ತಿದ್ದರೆ ಹೇಗಿರುತ್ತದೆಂದು ಊಹಿಸಿಕೊಂಡರೆ ಅವರ ಬೇಸರ ಅರ್ಥವಾಗುತ್ತದೆ. ಅರೆತೆರೆದ ಬಾಗಿಲಿನೊಳಕ್ಕೆ ಇಣುಕದಿರುವುದು, ಮೆಟ್ಟಿಲ ಮೇಲೆ ಕೂರದಿರುವುದು, ನಿವಾಸಿಗಳ ಚಿತ್ರ ತೆಗೆಯದಿರುವುದು, ಓಣಿಯಲ್ಲಿ ಪಿಸುದನಿಯಲ್ಲಿ ಮಾತನಾಡುವುದು, ಇಷ್ಟನ್ನು ಪಾಲಿಸಿದವರನ್ನು ಅಲ್ಲಿ ಯಾರೂ ಅಡ್ಡಿಪಡಿಸಿದ್ದನ್ನು ನಾನು ಕಂಡಿಲ್ಲ.

600 ವರ್ಷ ಮತ್ತು ನಕಲು ಎಂಬ ಎರಡು ಮಾತುಗಳಲ್ಲಿ ಯಾವುದೂ ಪೂರ್ತಿ ಸರಿಯಲ್ಲ. ಜನವಸತಿ ಹಳೆಯದು, ಮನೆಗಳು ಅಷ್ಟು ಹಳೆಯವಲ್ಲ. ಬುಕ್‌ಚೊನ್ ಇರುವುದು ಗ್ಯೊಂಗ್‌ಬೊಕ್‌ಗುಂಗ್ ಮತ್ತು ಚಾಂಗ್‌ಡೊಕ್‌ಗುಂಗ್ ಎಂಬ ಎರಡು ಅರಮನೆಗಳ ನಡುವೆ. ಮೊದಲನೆಯದು 1395ರಲ್ಲಿ, ಎರಡನೆಯದು 1405ರಲ್ಲಿ ಕಟ್ಟಿದ್ದು. ದಕ್ಷಿಣಕ್ಕೆ ಮುಖಮಾಡಿದ, ಬಿಸಿಲು ಬೀಳುವ, ಮಳೆನೀರು ನಿಲ್ಲದೆ ಹರಿದುಹೋಗುವ ಈ ಇಳಿಜಾರಿನಲ್ಲಿ ಜೊಸೊನ್ ರಾಜವಂಶದ ಕಾಲದ ಉನ್ನತ ಅಧಿಕಾರಿಗಳು ವಿಶಾಲವಾದ ಮನೆಗಳನ್ನು ಕಟ್ಟಿಕೊಂಡಿದ್ದರು. ಇಂದು ಕಾಣುವ ಸಾಲುಮನೆಗಳಲ್ಲಿ ಬಹುಪಾಲು 1920 ಮತ್ತು 1930ರ ದಶಕಗಳವು. ಕೊರಿಯಾ ಆಗ ಜಪಾನಿನ ಆಳ್ವಿಕೆಯಲ್ಲಿತ್ತು. ನಗರಕ್ಕೆ ವಲಸೆ ಹೆಚ್ಚಿ ಮನೆಗಳ ಕೊರತೆ ಉಂಟಾಗಿತ್ತು. ಜೊಂಗ್ ಸೆ-ಗ್ವೊನ್ ಎಂಬ ಗೃಹನಿರ್ಮಾಪಕರು ದೊಡ್ಡ ದೊಡ್ಡ ನಿವೇಶನಗಳನ್ನು ಕೊಂಡು, ಸಣ್ಣದಾಗಿ ವಿಂಗಡಿಸಿ, ಮಧ್ಯಮ ವರ್ಗದ ಕೊರಿಯನ್ ಕುಟುಂಬಗಳಿಗೆ ಕೈಗೆಟುಕುವಂಥ ಚಿಕ್ಕ ಹನೋಕ್‌ಗಳನ್ನು ಸಾಲಾಗಿ ಕಟ್ಟಿಸಿದರು. ನಗರದ ಈ ಭಾಗದಿಂದ ತಮ್ಮವರು ಎತ್ತಂಗಡಿಯಾಗದಂತೆ ಇದು ನೆರವಾಯಿತು ಎಂಬುದು ಅಲ್ಲಿನವರ ವಿವರಣೆ. ಇದೇ ಜೊಂಗ್ ಸೆ-ಗ್ವೊನ್ ಕೊರಿಯನ್ ಭಾಷಾ ಸಂಘಕ್ಕೆ ಬುಕ್‌ಚೊನ್‌ನಲ್ಲಿಯೇ ಕಟ್ಟಡವೊಂದನ್ನು ದಾನವಾಗಿ ಕೊಟ್ಟಿದ್ದರು. ನಿಘಂಟು ಸಿದ್ಧಪಡಿಸುತ್ತಿದ್ದ ಆ ಸಂಘದವರನ್ನು 1942ರಲ್ಲಿ ಜಪಾನಿ ಆಡಳಿತ ಬಂಧಿಸಿದಾಗ ಅವರೂ ಕಷ್ಟಕ್ಕೆ ಸಿಲುಕಿದರು. ಭಾಷೆಯ ಮೇಲೆ ಪ್ರೀತಿಯಿರುವ ಯಾರೇ ಆದರೂ ಈ ಓಣಿಗಳಲ್ಲಿ ನಡೆಯುವಾಗ ಈ ಸಂಗತಿಯನ್ನು ನೆನಪಿಟ್ಟುಕೊಳ್ಳಬೇಕು ಎಂದು ನನಗನ್ನಿಸುತ್ತದೆ.

ಹೀಗಾಗಿ ನೀವು ನೋಡಲಿರುವುದು ರಾಜರ ಕಾಲದ ಊರೂ ಅಲ್ಲ, ಪ್ರದರ್ಶನಕ್ಕಾಗಿ ಕಟ್ಟಿದ ಸೆಟ್ ಕೂಡ ಅಲ್ಲ. ಆಧುನಿಕ ನಗರಕ್ಕೆ ಹಳೆಯ ಮನೆ ಹೇಗೆ ಹೊಂದಿಕೊಂಡಿತು ಎಂಬುದರ ದಾಖಲೆ. ಅದರ ಗುರುತುಗಳನ್ನು ಹುಡುಕುತ್ತಾ ನಡೆದರೆ ನಿಧಾನವೆಂಬುದು ತಾನಾಗಿಯೇ ಬರುತ್ತದೆ. ಹೆಂಚಿನ ಸೂರಿನ ಅಂಚಿಗೆ ಮಳೆನೀರು ಹರಿಯುವ ತಗಡಿನ ದೋಣಿ ಜೋಡಿಸಿರುವುದು, ಓಣಿಯ ಕಡೆಯ ಗೋಡೆಯ ಕೆಳಭಾಗದಲ್ಲಿ ಚೌಕಾಕಾರದ ಕಲ್ಲು ಮತ್ತು ಮೇಲ್ಭಾಗದಲ್ಲಿ ಇಟ್ಟಿಗೆ ಬಳಸಿರುವುದು, ಮರದ ಹಲಗೆಯ ನಡುಮನೆಗೆ ಗಾಜಿನ ಬಾಗಿಲು ಹಾಕಿರುವುದು, ಇವೆಲ್ಲ ಆ ಕಾಲದಲ್ಲಿ ಹೊಸದಾಗಿ ದೊರೆಯತೊಡಗಿದ ಸಾಮಗ್ರಿಗಳ ಬಳಕೆ. ಸೂರು ಮುಂದಕ್ಕೆ ಚಾಚಿರುವ ಅಳತೆಯನ್ನೂ ಗಮನಿಸಿ. ಬೇಸಿಗೆಯ ನೆತ್ತಿಯ ಬಿಸಿಲನ್ನು ಅದು ತಡೆಯುತ್ತದೆ, ಚಳಿಗಾಲದ ಓರೆ ಬಿಸಿಲನ್ನು ಒಳಕ್ಕೆ ಬಿಡುತ್ತದೆ. ಕೆಲವು ಮನೆಗಳನ್ನು ಈಚೆಗೆ ಪೂರ್ತಿ ಬಿಚ್ಚಿ ಮತ್ತೆ ಕಟ್ಟಿರುವುದೂ ನಿಜ. ಸೋಲ್ ನಗರಾಡಳಿತ 2001ರಿಂದ ದುರಸ್ತಿಗೆ ಸಹಾಯಧನ ನೀಡತೊಡಗಿದ ಮೇಲೆ ಇಂಥ ಕೆಲಸ ಹೆಚ್ಚಿತು. ಹೊಸ ಮರದ ತೊಲೆ ಕಂಡ ಮಾತ್ರಕ್ಕೆ ಅದನ್ನು ನಕಲು ಎನ್ನುವುದು ನ್ಯಾಯವಲ್ಲ. ಮರದ ಮನೆ ಉಳಿಯುವುದೇ ಹಾಗೆ.

ಇನ್ನು ಮಂಡಿನೋವಿನ ವಿಷಯ. ಇದರಲ್ಲಿ ನಿಮಗೆ ದೊರೆತ ಸಲಹೆಯನ್ನು ನಾನು ಸ್ಪಷ್ಟವಾಗಿ ಬೇಡ ಎನ್ನುತ್ತೇನೆ. ಏರು ಹತ್ತುವಾಗ ಉಸಿರು ಸಾಕಾಗದಿರಬಹುದು, ಆದರೆ ಸವೆದ ಮಂಡಿಯ ಮೇಲೆ ಹೆಚ್ಚು ಭಾರ ಬೀಳುವುದು ಇಳಿಯುವಾಗ. ಪ್ರತಿ ಹೆಜ್ಜೆಗೂ ಬಾಗಿದ ಮಂಡಿ ಇಡೀ ಮೈಯ ವೇಗವನ್ನು ತಡೆಹಿಡಿಯಬೇಕಾಗುತ್ತದೆ. ಚಿತ್ರಗಳಲ್ಲಿ ಕಾಣುವ ಆ ಓಣಿ, ಅಂದರೆ ಗಾಹ್ವೆ-ದೊಂಗ್ ಬಡಾವಣೆಯ 11-ಗಿಲ್‌ನ ಓಣಿ, ಸಾಕಷ್ಟು ಕಡಿದಾಗಿದ್ದು, ಮಳೆ ಬಿದ್ದ ದಿನ ಕಲ್ಲುಹಾಸು ಜಾರುತ್ತದೆ. ಆದ್ದರಿಂದ ಕ್ರಮವನ್ನು ತಿರುಗಿಸಿ: ಬೆಳಿಗ್ಗೆ ಕಾಲು ಹಗುರವಾಗಿರುವಾಗ ನಿಂತು ನಿಂತು ಹತ್ತಿ, ಇಳಿಯುವುದಕ್ಕೆ ವಾಹನ ಬಳಸಿ. ಬುಕ್‌ಚೊನ್-ರೊ ಮುಖ್ಯರಸ್ತೆಯಲ್ಲಿ ಜೊಂಗ್ನೊ 02 ಎಂಬ ಹಸಿರು ಬಣ್ಣದ ಸಣ್ಣ ಬಸ್ಸು ಓಡಾಡುತ್ತದೆ. ಅದು ನಿಮ್ಮನ್ನು ಆಂಗುಕ್ ಮೆಟ್ರೊ ನಿಲ್ದಾಣದ ಬಳಿಗೆ ಇಳಿಸುತ್ತದೆ. ಮಗಳ ಬಳಿ ಇರುವ ಟಿ-ಮನಿ ಕಾರ್ಡಿನಂಥದ್ದೇ ಇನ್ನೆರಡನ್ನು ನಿಮಗೂ ಕೊಂಡರೆ ಮೆಟ್ರೊಗೂ ಬಸ್ಸಿಗೂ ಅದೇ ಸಾಕು. ಮಡಚುವ ಊರುಗೋಲನ್ನು ಸಂಕೋಚವಿಲ್ಲದೆ ಒಯ್ಯಿರಿ. ಹೊರಡುವ ಮುನ್ನ ನಿಮ್ಮ ವೈದ್ಯರು ಏರಿಳಿತದ ನಡಿಗೆಯೇ ಬೇಡ ಎಂದರೆ ಆ ಓಣಿಯನ್ನು ಬಿಟ್ಟುಬಿಡಿ. ಅದನ್ನು ಬಿಟ್ಟರೂ ದಿನ ಕಳೆಗುಂದುವುದಿಲ್ಲ.

ದಿನದ ಆಯ್ಕೆಯಲ್ಲಿ ಸೋಮವಾರ ಬೇಡವೇ ಬೇಡ. ಚಾಂಗ್‌ಡೊಕ್‌ಗುಂಗ್ ಅರಮನೆ, ನಾನು ಮುಂದೆ ಹೇಳುವ ಬೆಕ್ ಇನ್-ಜೆ ಮನೆ, ಕರಕುಶಲ ವಸ್ತುಸಂಗ್ರಹಾಲಯ ಮೂರಕ್ಕೂ ಅಂದು ರಜೆ. ಗ್ಯೊಂಗ್‌ಬೊಕ್‌ಗುಂಗ್‌ಗೆ ಮಂಗಳವಾರ ರಜೆ. ಶನಿವಾರ, ಭಾನುವಾರ ಜನಸಂದಣಿ ಹೆಚ್ಚು. ಅಲ್ಲಿನ ಮನೆಮಂದಿ ವಿಶ್ರಾಂತಿ ಬಯಸುವ ದಿನಗಳೂ ಅವೇ. ಮಗಳು ಒಂದೇ ದಿನ ರಜೆ ಹಾಕುವುದಾದರೆ ಅದು ಗುರುವಾರವಾಗಲಿ. ಸುವೋನ್‌ನಿಂದ ಮೆಟ್ರೊ ಒಂದನೆಯ ಮಾರ್ಗದಲ್ಲಿ ಜೊಂಗ್ನೊ 3-ಗಾ ತಲುಪಿ, ಅಲ್ಲಿ ಮೂರನೆಯ ಮಾರ್ಗಕ್ಕೆ ಬದಲಾಯಿಸಿದರೆ ಮುಂದಿನ ನಿಲ್ದಾಣವೇ ಆಂಗುಕ್. ಪ್ರಯಾಣಕ್ಕೆ ಒಂದು ಗಂಟೆಗಿಂತ ಹೆಚ್ಚು ಹಿಡಿಯುವುದರಿಂದ, ಕಚೇರಿಗೆ ಹೋಗುವವರ ನೂಕುನುಗ್ಗಲು ಕಳೆದ ಮೇಲೆ ಹೊರಟು ಹತ್ತೂವರೆಯ ಹೊತ್ತಿಗೆ ತಲುಪಿದರೆ ಸಾಕು. ದಾರಿ ಹುಡುಕಲು ಅಲ್ಲಿನವರೇ ಬಳಸುವ ನೇವರ್ ಮ್ಯಾಪ್ ಇರಲಿ. ಓಣಿ ಓಣಿಯ ನಡಿಗೆಗೆ ಅದು ಹೆಚ್ಚು ನಂಬಿಕೆಗೆ ಅರ್ಹ.

ಆಂಗುಕ್‌ನ 3ನೇ ದ್ವಾರದಿಂದ ಹೊರಬಂದು ಗ್ಯೆದೊಂಗ್-ಗಿಲ್ ಎಂಬ ಬೀದಿಯನ್ನು ಹಿಡಿಯಿರಿ. ಇದು ಸೌಮ್ಯವಾದ ಏರು. ಪುಟ್ಟ ಅಂಗಡಿಗಳು, ಚಹಾಮನೆಗಳು, ಶಾಲಾಮಕ್ಕಳು, ದಿನಸಿ ಕೊಳ್ಳಲು ಬಂದ ಹಿರಿಯರು ಎದುರಾಗುವ ಈ ಬೀದಿಯೇ ನನಗೆ ಬುಕ್‌ಚೊನ್‌ನಲ್ಲಿ ಅತಿ ಪ್ರಿಯವಾದ ಜಾಗ. ಆರಂಭದಲ್ಲಿಯೇ ಎಡಗಡೆ ಬುಕ್‌ಚೊನ್ ಸಾಂಸ್ಕೃತಿಕ ಕೇಂದ್ರ ಸಿಗುತ್ತದೆ. 1921ರ ಸುಮಾರಿಗೆ ಕಟ್ಟಿದ ಮನೆಯೊಂದನ್ನು ದುರಸ್ತಿ ಮಾಡಿ 2002ರಲ್ಲಿ ಸಾರ್ವಜನಿಕರಿಗೆ ತೆರೆದಿದ್ದಾರೆ, ಶುಲ್ಕವಿಲ್ಲ. ಹನೋಕ್‌ನ ಒಳಗಿನ ವಿನ್ಯಾಸವನ್ನು ಯಾರಿಗೂ ತೊಂದರೆ ಕೊಡದೆ ನೋಡಲು, ಸ್ವಲ್ಪ ಹೊತ್ತು ಕುಳಿತುಕೊಳ್ಳಲು ಇದು ತಕ್ಕ ಸ್ಥಳ. ಓಣಿಗಳೊಳಗೆ ಶೌಚಾಲಯ ಸಿಗುವುದು ಕಷ್ಟವಾದ್ದರಿಂದ ನಿಲ್ದಾಣದಲ್ಲೋ ಇಲ್ಲೋ ಆ ಕೆಲಸ ಮುಗಿಸಿಕೊಂಡು ಮುಂದಕ್ಕೆ ಹೋಗಿ.

ಅಲ್ಲಿಂದ ಪಶ್ಚಿಮಕ್ಕೆ ಬುಕ್‌ಚೊನ್-ರೊ ದಾಟಿದರೆ ಬೆಕ್ ಇನ್-ಜೆ ಮನೆ. ಒಂದು ದಿನದಲ್ಲಿ ಒಂದೇ ಮನೆ ನೋಡಬೇಕೆಂದರೆ ನಾನು ಇದನ್ನೇ ಹೇಳುತ್ತೇನೆ. 1913ರಲ್ಲಿ ಹಾನ್ ಸಾಂಗ್-ರ್ಯೊಂಗ್ ಎಂಬ ಬ್ಯಾಂಕ್ ಅಧಿಕಾರಿ ಕಟ್ಟಿಸಿದ ಈ ಮನೆಗೆ 1944ರಲ್ಲಿ ಬಂದವರು ಹೆಸರಾಂತ ಶಸ್ತ್ರವೈದ್ಯ ಬೆಕ್ ಇನ್-ಜೆ. ಕೊರಿಯಾ ಯುದ್ಧದ ಸಮಯದಲ್ಲಿ ಅವರನ್ನು ಉತ್ತರಕ್ಕೆ ಅಪಹರಿಸಿಕೊಂಡು ಹೋದರು. ಮನೆ ಕುಟುಂಬದವರ ಬಳಿ ಉಳಿಯಿತು. 2015ರಲ್ಲಿ ಇದನ್ನು ವಸ್ತುಸಂಗ್ರಹಾಲಯವಾಗಿ ತೆರೆದರು. ಸಾಂಪ್ರದಾಯಿಕ ಮನೆಗಳಲ್ಲಿ ಗಂಡಸರ ಭಾಗ ಮತ್ತು ಹೆಂಗಸರ ಭಾಗ ಪ್ರತ್ಯೇಕ ಕಟ್ಟಡಗಳಾಗಿರುತ್ತಿದ್ದವು. ಇಲ್ಲಿ ಅವೆರಡನ್ನೂ ಒಳದಾರಿಯೊಂದು ಕೂಡಿಸುತ್ತದೆ. ಆ ಒಳದಾರಿ, ಕೆಂಪು ಇಟ್ಟಿಗೆ, ಗಾಜಿನ ಕಿಟಕಿಗಳಲ್ಲಿ ಜಪಾನಿ ಪ್ರಭಾವ ಎದ್ದು ಕಾಣುತ್ತದೆ. ಒಂದು ಆಳ್ವಿಕೆಯಲ್ಲಿ ಸುಖವಾಗಿದ್ದವರ ಅಭಿರುಚಿ, ಆನಂತರ ಅದೇ ಸೂರಿನಡಿ ಯುದ್ಧದ ನಷ್ಟ, ಎರಡೂ ಒಂದೇ ಅಂಗಳದಲ್ಲಿವೆ. ಅಂಗಳಗಳಲ್ಲಿ ಓಡಾಡಲು ಶುಲ್ಕವಿಲ್ಲ. ಕೋಣೆಗಳೊಳಗೆ ಹೋಗಬೇಕಾದರೆ ಮುಂಗಡವಾಗಿ ಹೆಸರು ನೋಂದಾಯಿಸಿ ಮಾರ್ಗದರ್ಶಕರ ಜೊತೆ ಹೋಗಬೇಕು. ಮಗಳು ಅದನ್ನು ಮೊದಲೇ ಮಾಡಿಕೊಳ್ಳಲಿ.

ಅಲ್ಲಿಂದ ಮನಸ್ಸಿದ್ದರೆ 11-ಗಿಲ್‌ನ ಆ ಪ್ರಸಿದ್ಧ ಓಣಿ. ಕೆಳತುದಿಯಲ್ಲಿ ನಿಂತು ಸೂರುಗಳ ಸಾಲನ್ನು ನೋಡಿದರೂ ಸಾಕು. ಮೇಲೆ ಹತ್ತಿದವರಿಗೆ ಹೆಂಚಿನ ಸೂರುಗಳ ಆಚೆ ನಗರದ ಎತ್ತರದ ಕಟ್ಟಡಗಳು ಕಾಣುತ್ತವೆ. ನೀವು ಒಬ್ಬರೇ ಹತ್ತಿ ಬರುವುದಾದರೆ ತಾಯಿ ಮಗಳು ಮುಖ್ಯರಸ್ತೆಯ ಚಹಾಮನೆಯಲ್ಲಿ ಕುಳಿತಿರಲಿ. ಆದರೆ ಚಹಾಮನೆಯನ್ನು ಆರಿಸುವಾಗ ಒಳಗೆ ಕುರ್ಚಿ ಇದೆಯೇ ಎಂದು ನೋಡಿಕೊಳ್ಳಿ. ಸಾಂಪ್ರದಾಯಿಕ ಚಹಾಮನೆಗಳಲ್ಲಿ ಹಲವೆಡೆ ಪಾದರಕ್ಷೆ ಕಳಚಿ ನೆಲದ ಮೇಲೆ ಕೂರುವ ಪದ್ಧತಿಯಿದೆ. ಮಂಡಿನೋವಿರುವವರಿಗೆ ಕೂರುವುದಕ್ಕಿಂತ ಅಲ್ಲಿಂದ ಏಳುವುದು ಯಾತನೆ.

ಮಧ್ಯಾಹ್ನದ ಊಟದಲ್ಲಿ ಎಚ್ಚರ ಬೇಕು. ಬರೀ ತರಕಾರಿಯಂತೆ ಕಾಣುವ ಕಿಮ್ಚಿಯಲ್ಲಿ ಸಾಮಾನ್ಯವಾಗಿ ಉಪ್ಪಿನಲ್ಲಿ ಹಾಕಿಟ್ಟ ಸೀಗಡಿಯೋ ಮೀನಿನ ರಸವೋ ಇರುತ್ತದೆ. ಸಾರುಗಳಿಗೆ ಒಣಮೀನಿನ ಕಷಾಯವೇ ಬುನಾದಿ. ಮಾಂಸ ಬೇಡ ಎಂದಷ್ಟೇ ಹೇಳಿದರೆ ಇವು ತಟ್ಟೆಯಿಂದ ಹೋಗುವುದಿಲ್ಲ. ಮಾಂಸ, ಮೀನು, ಸೀಗಡಿ, ಅವುಗಳ ಕಷಾಯ, ಮೊಟ್ಟೆ, ಈರುಳ್ಳಿ, ಬೆಳ್ಳುಳ್ಳಿ ಎಂದು ಒಂದೊಂದನ್ನೂ ಹೆಸರಿಸಿ ಕೊರಿಯನ್ ಭಾಷೆಯಲ್ಲಿ ಮಗಳಿಂದ ಬರೆಸಿದ ಚೀಟಿ ಕೈಯಲ್ಲಿರಲಿ. ಆದರೂ ಸಾಮಾನ್ಯ ಹೋಟೆಲಿನಲ್ಲಿ ಬೆಳ್ಳುಳ್ಳಿಯಿಲ್ಲದ ಊಟ ಸಿಗುವುದು ದುರ್ಲಭ. ಸಂತೋಷದ ಸಂಗತಿಯೆಂದರೆ ಕೊರಿಯಾದ ಬೌದ್ಧ ವಿಹಾರಗಳ ಅಡುಗೆಯಲ್ಲಿ ಮಾಂಸ ಮೀನುಗಳ ಜೊತೆಗೆ ಈರುಳ್ಳಿ ಬೆಳ್ಳುಳ್ಳಿಯ ಜಾತಿಯ ಐದು ಪದಾರ್ಥಗಳೂ ನಿಷಿದ್ಧ. ಆಂಗುಕ್‌ನಿಂದ ಹತ್ತು ನಿಮಿಷದ ಸಮತಟ್ಟು ದಾರಿಯಲ್ಲಿರುವ ಜೊಗ್ಯೆಸಾ ದೇವಾಲಯದ ಎದುರಿಗೆ, ಜೊಗ್ಯೆ ಎಂಬ ಬೌದ್ಧ ಪಂಥದವರೇ ನಡೆಸುವ ಬಾರು ಗೊಂಗ್ಯಾಂಗ್ ಎಂಬ ಭೋಜನಶಾಲೆ ಇದೆ. ದರ ಕಡಿಮೆಯಲ್ಲ, ಮುಂಗಡ ಕಾಯ್ದಿರಿಸಬೇಕು. ಆದರೆ ನಿಮ್ಮ ಶ್ರೀಮತಿಯವರು ಅನುಮಾನವಿಲ್ಲದೆ ಉಣ್ಣಬಹುದಾದ ಊಟ ಅದು. ಬೇರು, ಸೊಪ್ಪು, ಅಣಬೆ, ಸೋಯಾ ಮೊಸರಿನ ಗಟ್ಟಿಗಳಿಂದ ಇಷ್ಟು ನಾಜೂಕಾದ ರುಚಿ ಹೊರಡಿಸಬಹುದೆಂದು ನಮ್ಮ ಕಡೆಯ ಅನೇಕರು ಬೆರಗಾಗಿದ್ದನ್ನು ಕಂಡಿದ್ದೇನೆ. ನಡುವೆ ಹಸಿವಾದರೆ ಕೆಂಪು ಅಲಸಂದೆಯಂಥ ಕಾಳಿನ ಸಿಹಿ ಗಂಜಿ, ಯೂಜಾ ಎಂಬ ನಿಂಬೆಜಾತಿಯ ಹಣ್ಣಿನ ಚಹಾ ಸಿಗುತ್ತವೆ.

ಊಟದ ನಂತರ ಮತ್ತೆ ಏರು ಬೇಡ. ಆಂಗುಕ್ ನಿಲ್ದಾಣದ 1ನೇ ದ್ವಾರದ ಬಳಿ, ಹಳೆಯ ಬಾಲಕಿಯರ ಶಾಲೆಯ ಆವರಣದಲ್ಲಿ 2021ರಲ್ಲಿ ತೆರೆದ ಸೋಲ್ ಕರಕುಶಲ ವಸ್ತುಸಂಗ್ರಹಾಲಯದಲ್ಲಿ ಲಿಫ್ಟ್ ಇದೆ, ಕೂರಲು ಆಸನಗಳಿವೆ. ಕಸೂತಿ, ಮೆರುಗೆಣ್ಣೆಯ ಪೆಟ್ಟಿಗೆಗಳು, ಕೈಕಾಗದದ ವಸ್ತುಗಳನ್ನು ನೋಡುತ್ತಾ ಸಂಜೆಯವರೆಗೆ ಇರಬಹುದು.

ಬುಕ್‌ಚೊನ್‌ನ ಏರಿಳಿತವೇ ಬೇಡವೆನಿಸಿದರೆ ಬೇರೆ ದಾರಿಗಳಿವೆ. ಜೊಂಗ್ನೊ 3-ಗಾ ಬಳಿಯ ಇಕ್‌ಸೊನ್-ದೊಂಗ್ ಪೂರ್ತಿ ಸಮತಟ್ಟು, ಅದೂ ಜೊಂಗ್ ಸೆ-ಗ್ವೊನ್ ಕಟ್ಟಿಸಿದ್ದೇ. ಆದರೆ ಮನೆಗಳೆಲ್ಲ ಕಾಫಿಮನೆಗಳಾಗಿ, ಓಣಿಗಳಲ್ಲಿ ಹೆಜ್ಜೆಯಿಡಲಾಗದಷ್ಟು ಜನ. ಗ್ಯೊಂಗ್‌ಬೊಕ್‌ಗುಂಗ್‌ನ ಪಶ್ಚಿಮದ ಸೊಚೊನ್ ಶಾಂತವಾಗಿದೆ, ಟೊಂಗಿನ್ ಮಾರುಕಟ್ಟೆಯೂ ಅಲ್ಲಿದೆ. ಹನೋಕ್‌ಗಳು ಮಾತ್ರ ಚದುರಿಹೋಗಿವೆ. ಜೊಂಜು ನಗರದ ಹನೋಕ್ ಬಡಾವಣೆ ದೊಡ್ಡದು, ಬಹುತೇಕ ಸಮತಟ್ಟು, ಆದರೆ ರೈಲು ಪ್ರಯಾಣವೇ ಅರ್ಧ ದಿನ ನುಂಗುತ್ತದೆ. ಯಾರ ಮನೆಯ ಶಾಂತಿಗೂ ಭಂಗ ತರಬಾರದೆಂಬುದೇ ಮುಖ್ಯವಾದರೆ, ಚುಂಗ್‌ಮುರೊ ನಿಲ್ದಾಣದ ಬಳಿಯ ನಾಮ್‌ಸಾನ್‌ಗೊಲ್‌ಗೆ ಹೋಗಿ. ಹಳೆಯ ಐದು ಮನೆಗಳನ್ನು ತಂದು ಜೋಡಿಸಿ 1998ರಲ್ಲಿ ತೆರೆದ ಉದ್ಯಾನವದು. ಅಲ್ಲಿ ಯಾರೂ ವಾಸಿಸುವುದಿಲ್ಲ. ವಾಸವಿಲ್ಲದ ಮನೆಯ ಮೌನ ಬೇರೆ, ವಾಸವಿರುವ ಓಣಿಯ ಮೌನ ಬೇರೆ ಎಂಬುದರಿಂದ ನನ್ನ ಒಲವು ಬುಕ್‌ಚೊನ್ ಕಡೆಗೇ.

ಹನ್‌ಬೊಕ್ ಎಂಬ ಕೊರಿಯನ್ ಉಡುಪಿನ ಬಗ್ಗೆ: ವಿದೇಶಿಯರು ಉಟ್ಟರೆ ಅಗೌರವವೆಂದು ಅಲ್ಲಿ ಯಾರೂ ಭಾವಿಸುವುದಿಲ್ಲ, ಉಟ್ಟವರಿಗೆ ಅರಮನೆಗಳಿಗೆ ಉಚಿತ ಪ್ರವೇಶವೂ ಇದೆ. ಆದರೆ ನೆಲ ಮುಟ್ಟುವ ಲಂಗದಲ್ಲಿ ಇಳಿಜಾರಿನ ಹೆಜ್ಜೆ ಕಾಣಿಸುವುದಿಲ್ಲ. ಮಗಳು ಬುಕ್‌ಚೊನ್‌ನಲ್ಲಿ ಉಡಲಿ, ನಿಮ್ಮ ಶ್ರೀಮತಿಯವರು ಇನ್ನೊಂದು ದಿನ ಅರಮನೆಯ ಸಮತಟ್ಟಾದ ಅಂಗಳದಲ್ಲಿ ಉಡಲಿ. ರಾತ್ರಿ ಹನೋಕ್‌ನಲ್ಲೇ ತಂಗುವ ಯೋಚನೆ ಮೂಡಿದರೆ, ಬಿಸಿ ಮಾಡಿದ ನೆಲದ ಮೇಲೆ ಹಾಸಿಗೆ ಹಾಸಿ ಮಲಗುವುದು ಅಲ್ಲಿನ ಕ್ರಮ ಎಂಬುದನ್ನು ತಿಳಿದಿರಿ. ಮಂಚವಿರುವ ಕೋಣೆಯನ್ನು ಕೇಳಿಯೇ ಕಾಯ್ದಿರಿಸಿ.

ಕೊನೆಯದಾಗಿ, ದಿನಾಂಕ ಗೊತ್ತುಮಾಡುವ ಮೊದಲು ಚುಸೊಕ್ ಹಬ್ಬ ಯಾವಾಗ ಬರುತ್ತದೆಂದು ಮಗಳಿಂದ ತಿಳಿದುಕೊಳ್ಳಿ. ಚಾಂದ್ರಮಾನದ ಪ್ರಕಾರ ಅದು ಸೆಪ್ಟೆಂಬರ್‌ನಲ್ಲೋ ಅಕ್ಟೋಬರ್‌ನಲ್ಲೋ ಬೀಳುತ್ತದೆ. ಆ ರಜಾದಿನಗಳಲ್ಲಿ ಅನೇಕ ಊಟದ ಮನೆಗಳು ಮುಚ್ಚಿರುತ್ತವೆ, ಅರಮನೆಗಳ ಸುತ್ತ ಜನ ತುಂಬಿರುತ್ತಾರೆ. ಅಕ್ಟೋಬರ್‌ನ ಮೂರನೆಯ ವಾರದ ನಂತರ ಮರಗಳ ಎಲೆ ಬಣ್ಣ ತಿರುಗತೊಡಗುತ್ತದೆ. ಬೆಳಗಿನ ಚಳಿಗೆ ಒಂದೊಂದು ಸ್ವೆಟರ್ ಇದ್ದರೆ ಸಾಕು.